ಮಂಡಿಯ ಬಾಗಿಲಿಗೆ ಹಿಂಗಾರ

ವ್ಯಾಪಾರದ ನಂಟು ಗಟ್ಟಿಯಾಗಲೆಂದು ಕೊಟ್ಟ ಹೂವು ದಾನವಾದೀತೇ? ಭಗವದ್ಗೀತೆಯ 17ನೇ ಅಧ್ಯಾಯದ ಮಾತು ಖಡಾಖಂಡಿತ: ಪ್ರತಿಫಲ ಬಯಸದೆ ಕೊಟ್ಟದ್ದು ಸಾತ್ವಿಕ, ಮರಳಿ ಏನಾದರೂ ಬರಲೆಂದು ಕೊಟ್ಟದ್ದು ರಾಜಸ. ಆ ಲೆಕ್ಕದಲ್ಲಿ ಹೊಸ ಅಂಗಡಿಯ ಪ್ರಾರಂಭೋತ್ಸವಕ್ಕೆ ಹೋಗುವ ಹೂಗುಚ್ಛ ರಾಜಸವೇ ಸರಿ.

ದೇವರ ಮುಂದೆಯೂ ಬಯಕೆ ಬಿಟ್ಟು ನಿಲ್ಲುವವರು ಕಡಿಮೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಪದ್ಮಾವತಿ ದೇವಿಯ ಬಲಗಡೆಯಿಂದ ಹೂವು ಬಿದ್ದರೆ ಕೆಲಸ ಕೈಗೂಡುತ್ತದೆಂಬ ನಂಬಿಕೆಯಿದೆ.

ಸಾಗರ, ತೀರ್ಥಹಳ್ಳಿಯ ಅಡಿಕೆ ಸೀಮೆಯಲ್ಲಿ ಕೊಟ್ಟ ಹೂವು ದಾನವೇ ಎಂಬ ಪ್ರಶ್ನೆಗೆ ಇನ್ನೊಂದು ಮುಖವಿದೆ. ಬೆಳೆಗಾರನಿಗೂ ಅವನ ಅಡಿಕೆ ಮಾರಿಕೊಡುವ ಮಂಡಿಗೂ ಇಲ್ಲಿ ತಲೆಮಾರುಗಳ ಸಂಬಂಧ. ಮುಂಗಡ, ಸಾಲ ಎಲ್ಲವೂ ನಂಬಿಕೆಯ ಮೇಲೆ. ಈ ಸೀಮೆಯಲ್ಲಿ ಪೂಜೆಗೆ ಶ್ರೇಷ್ಠವೆನಿಸಿದ ಹೂವೆಂದರೆ ತೋಟದ ಹಿಂಗಾರ, ಅಡಿಕೆ ಮರದ ಹೂಗೊಂಚಲು. ನುಣುಪಾದ ಹೊದಿಕೆ ಸೀಳಿದರೆ ಒಳಗೆ ಕೆನೆಬಣ್ಣದ ಎಳೆಗಳು. ಎಳೆಯುದ್ದಕ್ಕೂ ಸಾವಿರಾರು ಪುಟ್ಟ ಗಂಡು ಹೂಗಳು, ಬುಡದಲ್ಲಿ ಕೆಲವೇ ಹೆಣ್ಣು ಹೂಗಳು. ಕಾಯಿಕಟ್ಟುವುದು ಅವೇ. ಮರವೊಂದು ವರ್ಷಕ್ಕೆ ಬಿಡುವುದು ಕೆಲವೇ ಹಿಂಗಾರ. ಒಂದನ್ನು ಕೊಯ್ದರೆ ಒಂದು ಗೊನೆ ಹೋದಂತೆ.

ಅಂಥದ್ದನ್ನು ದೀಪಾವಳಿಯ ಅಂಗಡಿ ಪೂಜೆಗೆಂದು ಬೆಳೆಗಾರ ಒಯ್ದುಕೊಟ್ಟರೆ, ಮನಸ್ಸಿನ ಮೂಲೆಯಲ್ಲಿ ಒಳ್ಳೆಯ ದರದ ಆಸೆ ಇದ್ದಿರಬಹುದು. ಆದರೂ ಅದನ್ನು ಬರೀ ರಾಜಸವೆಂದು ತಳ್ಳಿಹಾಕುವುದು ಅನ್ಯಾಯ. ಅವನು ಮುಂದಿನ ಕೊಯ್ಲಿನ ಒಂದು ಪಾಲನ್ನೇ ಕೈಬಿಟ್ಟು ಬಂದಿದ್ದಾನೆ, ಮತ್ತು ಅದು ಮಂಡಿಯವರಿಗೂ ಗೊತ್ತು.