ಹಿತ್ತಲಿನ ಸಂಪಿಗೆ

ನಮ್ಮ ಕೆಂಡಸಂಪಿಗೆಯೂ ಮ್ಯಾಗ್ನೋಲಿಯಾ ಕುಲದ ಮರವೇ. ಆ ಕುಲಕ್ಕೆ 1703ರಲ್ಲಿ ಹೆಸರಿಟ್ಟವರು ಶಾರ್ಲ್ ಪ್ಲೂಮಿಯೆ ಎಂಬ ಫ್ರಾನ್ಸಿನ ಕಥೋಲಿಕ ಸನ್ಯಾಸಿ. ಈ ಮರ ನನಗೊಂದು ಪಾಠ ಕಲಿಸಿತು.

ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಸಂಪಿಗೆಯ ಬೀಜಗಳನ್ನು ಹಿಡಿದು ಬಂದರು. ಆಸ್ತಿ ಪಾಲಾದಾಗ ಅವರ ಪತಿ ನೆಟ್ಟಿದ್ದ ಮರಕ್ಕೆ ಕೊಡಲಿ ಬಿದ್ದಿತ್ತು; ಉಳಿದದ್ದು ಅಷ್ಟೇ. “ಸ್ವಾಮಿ, ನನಗೀಗ ಎಪ್ಪತ್ತೆಂಟು. ಇವನ್ನು ಬಿತ್ತಿದರೆ ಹೂ ನೋಡುವೆನೇ?” ಎಂದರು. “ಕಸಿ ಗಿಡ ತನ್ನಿ ಅಮ್ಮ, ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ” ಎಂದೆ. ಬೀಜದ ಗಿಡಕ್ಕೆ ಏಳೆಂಟು ವರ್ಷವಾದರೂ ಬೇಕು. ನಾನು ಹೇಳಿದ್ದು ಸರಿಯೇ. ಆದರೆ ಅವರ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಫಲ ಕಾಣದ ದುಡಿಮೆ ವ್ಯರ್ಥವೇ? ನೆಟ್ಟವರೂ ನೀರೆರೆದವರೂ ಬೆಳವಣಿಗೆಯ ಒಡೆಯರಲ್ಲವೆಂದು ಸಂತ ಪೌಲರು ಕೊರಿಂಥದ ಸಭೆಗೆ ಬೋಧಿಸಿದರು. ಹಾಗೆಂದು ಎಲ್ಲವನ್ನೂ ದೇವರಿಗೆ ಬಿಟ್ಟು ಕೂರುವಂತಿಲ್ಲ. ಸಂಪಿಗೆಯ ಬೀಜವನ್ನು, ಅದರ ಕೆಂಪು ತಿರುಳನ್ನು ತೊಳೆದು, ಬೇಗನೆ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಒಣಗಿಸಿದರೆ ಮೊಳೆಯುವ ಶಕ್ತಿ ಕುಂದುತ್ತದೆ. ಹೂ ಬಿಡುವ ಕಾಲ ದೇವರದು. ಬಿತ್ತುವ ಕಾಲ ನಮ್ಮದು.

ಆ ತಾಯಿ ಅಂದೇ ಎರಡು ಕುಂಡಗಳಲ್ಲಿ ಬಿತ್ತಿದರು. ಪರಸ್ಪರ ಮಾತು ಬಿಟ್ಟಿದ್ದ ಇಬ್ಬರು ಮಕ್ಕಳಿಗೆ ಒಂದೊಂದು. ಸಸಿಗಳು ಎದ್ದಿವೆ, ಮಕ್ಕಳಿನ್ನೂ ಮಾತನಾಡಿಲ್ಲ. ತಾಯಿ ಎರಡಕ್ಕೂ ನೀರೆರೆಯುತ್ತಿದ್ದಾರೆ.

ಪ್ರಿಯರೇ, ಕ್ಷಮೆಯ ಮಾತೊಂದು ನಮ್ಮ ಮನೆಯ ಡಬ್ಬಿಯಲ್ಲೂ ಒಣಗುತ್ತಿರಬಹುದು. ಫಲ ಕಾಣುವೆನೇ ಎಂದು ಕೇಳುವ ಮೊದಲು ಅದನ್ನು ಇಂದೇ ಬಿತ್ತೋಣ.