ಪರವಾಗಿ ಆಡುವ ಮಾತು

ಪ್ರಾಕ್ಸಿ ಎಂಬ ಮಾತು ನಮ್ಮಂಥ ಉಪಾಧ್ಯಾಯರ ಕಿವಿಗೆ ಹಿತವಲ್ಲ. ಬಾರದ ಗೆಳತಿಯ ಪರವಾಗಿ ‘ಹಾಜರ್’ ಎನ್ನುವ ಹುಡುಗಿಯ ನೆನಪು ತರುವ ಮಾತು ಅದು. ಸಾಫ್ಟ್‌ವೇರ್ ಬರೆಯುವವರಿಗೋ ಪ್ರಾಕ್ಸಿ ಇಲ್ಲದೆ ದಿನ ಸಾಗದು. ಒಂದು ಪ್ರೋಗ್ರಾಂ ದೂರದ ಇನ್ನೊಂದು ಕಂಪ್ಯೂಟರಿನಿಂದ ಕೆಲಸ ಮಾಡಿಸಿಕೊಳ್ಳಬೇಕಾದಾಗ, ದೂರದವನ ಪರವಾಗಿ ಇಲ್ಲೇ ಒಬ್ಬ ಪ್ರತಿನಿಧಿಯನ್ನು ಕೂರಿಸುತ್ತಾರೆ. ಕೇಳಿದ್ದನ್ನು ಆತ ಸಂದೇಶವಾಗಿ ಕಟ್ಟಿ ಕಳಿಸುತ್ತಾನೆ, ಬಂದ ಉತ್ತರವನ್ನು ಬಿಚ್ಚಿ ಕೈಗಿಡುತ್ತಾನೆ. ಕೇಳಿದವನಿಗೆ ಪಕ್ಕದ ಕೋಣೆಯಲ್ಲೇ ಕೆಲಸ ನಡೆದಂತೆ. ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ತಾವು ಕಟ್ಟಿದ ಇಂಥ ಏರ್ಪಾಟನ್ನು ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ 1984ರ ಲೇಖನದಲ್ಲಿ ವಿವರಿಸಿದರು.

ಈ ಪ್ರತಿನಿಧಿಯನ್ನು ಕೈಯಿಂದ ಬರೆಯಬೇಕಿಲ್ಲ. ಎರಡೂ ಕಡೆಯವರು ಒಪ್ಪಿದ ಕರಾರನ್ನು ಕೊಟ್ಟರೆ ಯಂತ್ರವೇ ರಚಿಸುತ್ತದೆ. ಎಲ್ಲಿ ಅಂಕಿ ಬರಬೇಕು, ಎಲ್ಲಿ ಅಕ್ಷರ ಎಂಬುದು ಆ ಕರಾರಿನಲ್ಲಿ ನಿಗದಿಯಾಗಿರುತ್ತದೆ. ಇದನ್ನು ‘ಟೈಪ್’ ಎನ್ನುತ್ತಾರೆ. ಶಾಲೆಯ ಅರ್ಜಿಯಲ್ಲಿ ವಯಸ್ಸಿನ ಜಾಗದಲ್ಲಿ ಊರಿನ ಹೆಸರು ಬರೆದರೆ ಗುಮಾಸ್ತರು ಅಲ್ಲೇ ಹಿಂದಿರುಗಿಸುವುದಿಲ್ಲವೇ? ಹಾಗೆ, ಹೊರಡುವ ಮೊದಲೇ ತಪ್ಪು ಸಿಕ್ಕಿಬೀಳುತ್ತದೆ.

ಆದರೆ ದೂರವನ್ನು ಮರೆಸುವುದು ಸರಿಯೇ? ಕೂಡದು ಎಂದರು, 1994ರಲ್ಲಿ, ಸನ್ ಮೈಕ್ರೋಸಿಸ್ಟಮ್ಸ್‌ನ ಜಿಮ್ ವಾಲ್ಡೊ ಮತ್ತು ಸಂಗಡಿಗರು. ದೂರದವನು ತಡಮಾಡಬಹುದು, ನಡುವೆ ಕೆಟ್ಟುನಿಲ್ಲಬಹುದು. ಉತ್ತರ ಬಾರದಿದ್ದಾಗ ನಮ್ಮ ಕೋರಿಕೆ ತಲುಪಲೇ ಇಲ್ಲವೋ, ಕೆಲಸ ಮುಗಿದು ಉತ್ತರವಷ್ಟೇ ದಾರಿಯಲ್ಲಿ ಕಳೆಯಿತೋ ತಿಳಿಯದು. ಐದುನೂರು ರೂಪಾಯಿ ಜಮೆ ಮಾಡೆಂದು ಮತ್ತೆ ಹೇಳಿದರೆ ಸಾವಿರ ಸಂದಾಯವಾದೀತು. ಹೇಳದಿದ್ದರೆ ಏನೂ ಸಲ್ಲದೆ ಹೋದೀತು. ಅದಕ್ಕೇ ಎಚ್ಚರವುಳ್ಳವರು ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಕೊಡುತ್ತಾರೆ. ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಆ ಕಡೆಯವನು ಗುರುತಿಸಿ, ಕೆಲಸವನ್ನು ಮತ್ತೆ ಮಾಡುವುದಿಲ್ಲ. ಟೈಪ್ ಕೊಡುವ ಭರವಸೆ ಮಾತಿನ ರೂಪದ್ದು ಮಾತ್ರ, ಮಾತು ತಲುಪಿತೆಂಬುದರದ್ದಲ್ಲ.

ಪರವಾಗಿ ಮಾತಾಡುವುದೇ ತಪ್ಪೆಂದು ನಾನು ಹೇಳಲಾರೆ. ಪ್ರತಿನಿಧಿಗಳಿಲ್ಲದೆ ಲೋಕ ನಡೆಯದು. ಇಲ್ಲದವರು ಇಲ್ಲಿಯೇ ಇದ್ದಾರೆಂದು ನಂಬಿಸುವುದು ತಪ್ಪು. ಹೆಣ್ಣು ನೋಡಲು ಬಂದವರ ಮುಂದೆ, ಒಳಕೋಣೆಯಲ್ಲಿರುವ ಹುಡುಗಿಯ ಪರವಾಗಿ ಹಿರಿಯರು ‘ಅವಳಿಗೂ ಒಪ್ಪಿಗೆ’ ಎಂದುಬಿಡುತ್ತಾರೆ. ಮಾತಿನ ರೂಪದಲ್ಲಿ ಕುಂದಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಪ್ರಶ್ನೆ ಮಾತ್ರ ಅವಳಿಗೆ ತಲುಪಿಯೇ ಇಲ್ಲ. ‘ಇನ್ನೂ ಕೇಳಿಲ್ಲ, ಕೇಳಿ ಹೇಳುತ್ತೇವೆ’ ಎನ್ನಲು ಎಷ್ಟು ಹೊತ್ತು ಬೇಕು?