ಉದುರುವ ಎಲೆ, ಉಳಿಯುವ ಮರ

ತಾಯಿಯ ಗರ್ಭದಲ್ಲಿ ಮಗುವಿನ ಕೈ ರೂಪುಗೊಳ್ಳುವಾಗ ಬೆರಳುಗಳ ನಡುವೆ ತೆಳುವಾದ ಪೊರೆಯಿರುತ್ತದೆ. ಆ ಪೊರೆಯ ಜೀವಕೋಶಗಳು ಸಕಾಲದಲ್ಲಿ ಸಾಯುವುದರಿಂದಲೇ ಐದು ಬೆರಳುಗಳು ಬೇರ್ಪಡುತ್ತವೆ. ಸಾವನ್ನು ಜೀವದ ಶತ್ರುವೆಂದೇ ಭಾವಿಸಿರುವ ನಮಗೆ ಇದು ವಿಚಿತ್ರವೆನಿಸಬಹುದು.

1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ವಿಜ್ಞಾನಿಗಳು ಇಂತಹ ಸಾವಿಗೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದು ಎಂಬುದು ಆ ಗ್ರೀಕ್ ಪದದ ಭಾವ. ಕೋಶವು ಕುಗ್ಗಿ, ಚಿಕ್ಕ ತುಣುಕುಗಳಾಗಿ ಒಡೆಯುತ್ತದೆ. ನೆರೆಯ ಕೋಶಗಳು ಅವನ್ನು ನುಂಗಿ ಅರಗಿಸಿಕೊಳ್ಳುತ್ತವೆ. ಹೃದಯಾಘಾತದಲ್ಲಿ ರಕ್ತ ದೊರೆಯದ ಅನೇಕ ಕೋಶಗಳ ಸಾವು ಬೇರೆ ಬಗೆಯದು: ಅವು ಉಬ್ಬಿ ಸಿಡಿದು ಸುತ್ತಲೂ ಉರಿಯೂತ ಉಂಟುಮಾಡುತ್ತವೆ. ಒಂದು ಮಿಲಿಮೀಟರ್ ಉದ್ದದ ಪುಟ್ಟ ಹುಳುವೊಂದರ ಬೆಳವಣಿಗೆಯಲ್ಲಿ ಹುಟ್ಟುವ 1,090 ದೇಹಕೋಶಗಳ ಪೈಕಿ 131 ಕೋಶಗಳು ನಿಯತವಾಗಿ ಸಾಯುತ್ತವೆ. ಆ ಹುಳುವಿನ ಮೂಲಕ ಈ ರಹಸ್ಯವನ್ನು ಬಿಡಿಸಿದ ಬ್ರೆನರ್, ಹಾರ್ವಿಟ್ಜ್ ಮತ್ತು ಸಲ್ಸ್‌ಟನ್ ಅವರಿಗೆ 2002ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಕ್ರಮ ತಪ್ಪಿದಾಗ ರೋಗ ತಲೆಯೆತ್ತುತ್ತದೆ. ಸಾಯಬೇಕಾದ ಕೋಶ ಸಾಯದೆ ಬೆಳೆಯುತ್ತಾ ಹೋಗುವುದು ಕ್ಯಾನ್ಸರಿನ ಒಂದು ಲಕ್ಷಣ. ಉಳಿಯಬೇಕಾದ ನರಕೋಶಗಳು ಅಳಿಯುವುದು ಅಲ್ಝೈಮರ್, ಪಾರ್ಕಿನ್ಸನ್ ರೋಗಗಳ ವ್ಯಥೆ. ಕ್ಯಾನ್ಸರ್ ಕೋಶಕ್ಕೆ ಸಾವಿನಿಂದ ರಕ್ಷಣೆ ನೀಡುವ ಪ್ರೋಟೀನೊಂದನ್ನು ತಡೆದು, ಅದು ಸಾಯುವಂತೆ ಮಾಡುವ ‘ವೆನೆಟೊಕ್ಲಾಕ್ಸ್’ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಮಾನ್ಯತೆ ದೊರೆಯಿತು.

ಇದರಿಂದ ನಾವು ಯಾವ ಪಾಠ ಕಲಿಯಬೇಕು? ‘ಸಮಷ್ಟಿಗಾಗಿ ವ್ಯಷ್ಟಿ ಅಳಿಯಬೇಕು’ ಎಂದು ಹೇಳಿಬಿಡುವುದು ಸುಲಭ. ಆದರೆ ಎಚ್ಚರವಿರಲಿ. ಕೋಶಕ್ಕೆ ಮನಸ್ಸಿಲ್ಲ, ಆದುದರಿಂದ ಅದರಲ್ಲಿ ತ್ಯಾಗವೂ ಇಲ್ಲ, ಸ್ವಾರ್ಥವೂ ಇಲ್ಲ. ಅದು ಕೆಡುವಾಗ ರೋಗಿಯ ಗುಣಾವಗುಣಗಳನ್ನು ತೂಗಿ ನೋಡುವುದಿಲ್ಲ. ಹೀಗಿರುವಾಗ ಕ್ಯಾನ್ಸರ್ ಪೀಡಿತರ ಹಾಸಿಗೆಯ ಬಳಿ ನಿಂತು ‘ಯಾವ ಪಾಪದ ಫಲವೋ’ ಎಂದು ಪಿಸುಗುಟ್ಟುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯವೂ ಹೌದು.

ಹಾಗೆಯೇ, ಮಕ್ಕಳ ಹೆಸರನ್ನೂ ಮರೆತ ವೃದ್ಧ ತಾಯಿ ಮನೆಯೆಂಬ ಮರದಿಂದ ಉದುರಬೇಕಾದ ಎಲೆಯಲ್ಲ. ಕೋಶವಿರುವುದು ದೇಹಕ್ಕಾಗಿ, ಮನುಷ್ಯನಾದರೋ ಯಾರದೇ ಅನುಕೂಲಕ್ಕಾಗಿ ಇರುವ ಬಿಡಿಭಾಗವಲ್ಲ. ತನ್ನನ್ನು ತಾನೇ ಅರ್ಪಿಸಿಕೊಂಡರೆ ಅದು ತ್ಯಾಗ. ಇನ್ನೊಬ್ಬರಿಂದ ಅದನ್ನು ನಿರೀಕ್ಷಿಸಿದರೆ ಅದು ಅನ್ಯಾಯ.

ಉದುರುವ ಎಲೆಯನ್ನು ಮರ ಹಿಡಿದಿಟ್ಟುಕೊಳ್ಳಲಾರದು. ನಾವಾದರೋ ಸೋತುಹೋದ ಕೈಯೊಂದನ್ನು ಕೊನೆಯವರೆಗೂ ಹಿಡಿದು ಕುಳಿತಿರಬಲ್ಲೆವು. ಗರ್ಭದಲ್ಲೇ ಬಿಡಿಸಿಕೊಂಡ ನಮ್ಮ ಬೆರಳುಗಳಿಗೆ ಇದಕ್ಕಿಂತ ಮಿಗಿಲಾದ ಕೆಲಸ ಯಾವುದಿದೆ?